ಲೆಟ್ಟಿಯ ಪೆಟ್ಟಿಗೆ

ನಾನು ನಾಯಿ ಹೇಲು ಹೆಕ್ಕುವವಳು. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ. ಮುಂದೆ ಇದಕ್ಕಿಂತ ಕೆಟ್ಟದ್ದು ಬರಲಿಕ್ಕಿದೆ.

ಬೆಳಗಾದರೆ ಮುಚ್ಚಳದ ಬಕೆಟ್ಟು ಹಿಡಿದು ಹೊರಡುತ್ತೇನೆ. ಮೊದಮೊದಲು ಬಲಗೈಗೆ ಚಿಂದಿ ಸುತ್ತಿಕೊಳ್ಳುತ್ತಿದ್ದೆ. ಈಗ ಬರಿಗೈ. ಚಿಂದಿ ತೊಳೆಯುವುದಕ್ಕಿಂತ ಕೈ ತೊಳೆಯುವುದು ಸುಲಭ. ಬರ್ಮಂಡ್ಸಿಯ ಬೀದಿಗಳಲ್ಲಿ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿದೆ. ಬಕೆಟ್ಟು ತುಂಬಿದರೆ ತೊಗಲು ಹದ ಮಾಡುವವರಿಗೆ ಕೊಡುತ್ತೇನೆ. ಅವರು ಅದನ್ನು ನೀರಲ್ಲಿ ಕದಡಿ, ಎಳೆ ಮೇಕೆಯ ತೊಗಲಿಗೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡುತ್ತಾರೆ. ಅದರಿಂದ ದೊಡ್ಡ ಮನುಷ್ಯರ ಕೈಗವಸು ಆಗುತ್ತದೆ. ಪ್ರಾರ್ಥನೆ ಪುಸ್ತಕದ ರಟ್ಟೂ ಆಗುತ್ತದೆ. ಭಾನುವಾರ ಚರ್ಚಿನಲ್ಲಿ ಯಾರಾದರೂ ನನ್ನ ಪಕ್ಕದಿಂದ ಎದ್ದು ದೂರ ಹೋಗಿ ಕೂತರೆ, ಅವರು ಎದೆಗೆ ಒತ್ತಿಕೊಂಡಿರುವ ಪುಸ್ತಕ ನೋಡಿ ನನಗೆ ನಗು ಬರುತ್ತದೆ. ನಕ್ಕರೆ ಹೊರಗೆ ಹಾಕುತ್ತಾರೆ. ಹಾಕಿಯೂ ಇದ್ದಾರೆ.

ಹೆಸರು ಟ್ಯಾಬಿತಾ ಪ್ರೌಟ್. ವಠಾರದವರ ಬಾಯಲ್ಲಿ ಪ್ರೌಟಮ್ಮ. ನಮ್ಮದು ಲ್ಯಾವೆಂಡರ್ ವಠಾರ, ಘಮಘಮಿಸುವ ಹೂವಿನ ಹೆಸರು. ಹೆಸರಿಟ್ಟವನಿಗೆ ಅವತ್ತು ನೆಗಡಿಯಾಗಿತ್ತೋ ಏನೋ. ಅಷ್ಟೂ ಮನೆಗಳಿಗೆ ಸೇರಿ ಮೂಲೆಯಲ್ಲಿ ಒಂದೇ ಕಕ್ಕಸು, ಅದರ ಕೆಳಗೊಂದು ಗುಂಡಿ. ಗುಂಡಿಯ ಪಕ್ಕದಲ್ಲೇ ನೀರಿನ ಪಂಪು. ಗುಂಡಿ ತುಂಬಿ ವರ್ಷ ಕಳೆದಿತ್ತು. ತುಂಬಿದ್ದು ಸುಮ್ಮನಿರುತ್ತದೆಯೇ? ಮೆಲ್ಲಗೆ ಅಂಗಳಕ್ಕೆ ಬಂತು. ಆಮೇಲೆ ನೆಲಮಟ್ಟದ ಮನೆಯ ನೋರಾ ಡೂಲನ್‌ಳ ಹಲಗೆ ಸಂದಿಯಿಂದ ಒಳಗೂ ಇಣುಕಿತು.

ವಠಾರದ ಮಾಲೀಕ ಯಾರು? ಸ್ಲೋಕಮ್ ಸಾಹೇಬ. ಪ್ಯಾರಿಷ್‌ನ, ಅಂದರೆ ನಮ್ಮ ಚರ್ಚಿನ ಸರಹದ್ದಿನ, ಆರೋಗ್ಯ ಸಮಿತಿಗೆ ಅಧ್ಯಕ್ಷ ಯಾರು? ಸ್ಲೋಕಮ್ ಸಾಹೇಬ. ಗುಂಡಿ ಬಾಚುವ ಕಂಟ್ರಾಕ್ಟು ಯಾರದ್ದು? ಸ್ಲೋಕಮ್ ಸಾಹೇಬನ ಭಾವಮೈದುನನದ್ದು. ನಾವು ದೂರು ಕೊಟ್ಟರೆ ಸ್ಲೋಕಮ್ ಸಾಹೇಬ ಸ್ಲೋಕಮ್ ಸಾಹೇಬನಿಗೆ ನೋಟೀಸು ಕೊಡಬೇಕು. ಅವರಿಬ್ಬರ ನಡುವೆ ಒಂದು ದಿನವೂ ಮನಸ್ತಾಪ ಬಂದದ್ದಿಲ್ಲ.

ಆ ಆಗಸ್ಟ್ ತಿಂಗಳ ಸೆಕೆಯಲ್ಲಿ ನನ್ನ ಮೇಲಿನ ಕೋಣೆಯ ಡಾರ್ಕಸ್ ವಿಬ್ಲಿಯ ಮಗ ವಿಲ್ ಸತ್ತ. ಬೆಳಿಗ್ಗೆ ಭೇದಿ ಶುರುವಾಯಿತು. ಸಂಜೆಗೆ ಕಣ್ಣು ಗುಳಿಬಿದ್ದವು. ಮಾರನೆಯ ದಿನ ಹುಡುಗನಿಲ್ಲ. ಇನ್ನೂ ಸರಿಯಾಗಿ ಸುಳ್ಳು ಹೇಳಲೂ ಬಾರದ ವಯಸ್ಸು. ಹೆಣ ಮಣ್ಣಿಗೆ ಹೋದ ಮೇಲೆ ಆರೋಗ್ಯ ಸಮಿತಿ ವಠಾರ ನೋಡಲು ಬಂತು. ಅಂದರೆ ಸ್ಲೋಕಮ್ ಸಾಹೇಬ, ಮತ್ತು ಅವನು ಹೇಳಿದ್ದನ್ನು ಬರೆಯುವ ಗುಮಾಸ್ತ.

ಸಾಹೇಬ ಅಂಗಳದಲ್ಲಿ ನಿಲ್ಲಲಿಲ್ಲ. ಮೂಗಿಗೆ ಕರ್ಪೂರದ ಕರವಸ್ತ್ರ ಹಿಡಿದು, ಗುಂಡಿಯ ಕಡೆ ಕತ್ತು ಹೊರಳಿಸದೆ, ನೇರ ಮೆಟ್ಟಿಲು ಹತ್ತಿದ. ಡಾರ್ಕಸ್ ಮೊಲದ ತೊಗಲಿನಿಂದ ತುಪ್ಪಳ ಕೀಳುವವಳು. ಟೊಪ್ಪಿ ಮಾಡುವವರು ಕೊಟ್ಟ ಕೆಲಸ. ಬೆಳಗಿನಿಂದ ಕತ್ತಲಾಗುವ ತನಕ ಮಂಡಿಯ ಮೇಲೆ ತೊಗಲು ಹಾಸಿ, ಮೊಂಡ ಚಾಕು ಹಿಡಿದು ಕೀಳಬೇಕು. ಕೂದಲು ಗಂಟಲಿಗೆ, ಕಣ್ಣಿಗೆ, ಗಂಜಿಗೆ. ಅವಳು ಕೆಮ್ಮಿದರೆ ಬಾಯಿಂದ ಮೊಲ ಹಾರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು. ವಿಲ್ ಹೋದ ಮೇಲೆ ನಗಲಿಲ್ಲ.

"ಏನಿದು, ಗಾಳೀಲೆಲ್ಲ ಕೂದಲು?" ಎಂದ ಸಾಹೇಬ.

"ಮೊಲದ ತುಪ್ಪಳ ಸಾಹೇಬ್ರೇ."

"ಇದೇ ಕೋಣೇಲಿ ಅಡುಗೆ, ಇದೇ ಕೋಣೇಲಿ ನಿದ್ದೆ, ಇದೇ ಕೋಣೇಲಿ ಸತ್ತ ಮೊಲ. ಥೂ!"

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ಇನ್ನೊಂದು ಕೋಣೆ ಕೊಡ್ಸಿ ಸಾಹೇಬ್ರೇ, ಮೊಲಗಳನ್ನ ಬೇರೆ ಸಂಸಾರ ಇಡ್ತಾಳೆ" ಎಂದೆ.

"ಯಾರೀ ಮುದುಕಿ?"

"ನಿಮ್ಮ ಕೈಗವಸಿಗೆ ದೂರದ ಸಂಬಂಧಿ ಸಾಹೇಬ್ರೇ."

ಅವನಿಗೆ ಅರ್ಥವಾಗಲಿಲ್ಲ. ಗುಮಾಸ್ತನಿಗೆ ಆಯಿತು. ಅವನು ಕೆಮ್ಮಿದ ಹಾಗೆ ಮಾಡಿದ.

ಸಾಹೇಬ ಬೆತ್ತದ ತುದಿಯಿಂದ ಡಾರ್ಕಸ್‌ಳ ಹೊದಿಕೆ ಎತ್ತಿ ನೋಡಿದ. ಪಾತ್ರೆಯ ಮುಚ್ಚಳ ಎತ್ತಿದ. ಆಮೇಲೆ ಅದೇ ಬೆತ್ತದಿಂದ ಅವಳ ಗದ್ದ ಎತ್ತಿದ. "ಕೈ ತೋರ್ಸು" ಎಂದ. ಅವಳು ಶಾಲೆಯ ಮಗುವಿನ ಹಾಗೆ ಎರಡೂ ಕೈ ಚಾಚಿದಳು. ಬಿರಿದ ಬೆರಳು, ಚಾಕು ತಾಗಿ ತಾಗಿ ಕಪ್ಪಾದ ಹೆಬ್ಬೆಟ್ಟು.

"ಕೊಳಕು" ಎಂದ ಸಾಹೇಬ. ಗುಮಾಸ್ತನ ಕಡೆ ತಿರುಗಿ, "ಬರ್ಕೋ. ಹುಡುಗನ ಸಾವಿಗೆ ಕಾರಣ, ತಾಯಿಯ ಕೊಳಕುತನ."

"ಗುಂಡಿ ಸಾಹೇಬ್ರೇ..." ಎಂದಳು ಡಾರ್ಕಸ್. "ಪಂಪಿನ ನೀರು ವಾಸ್ನೆ ಬರುತ್ತೆ..."

"ಗುಂಡಿ ಎಲ್ಲಾ ಕಡೆ ಇರುತ್ತೆ ಕಣಮ್ಮ. ಗುಂಡಿ ಎದ್ದು ಬಂದು ಯಾರ್ನೂ ಕೊಲ್ಲಲ್ಲ." ಅವನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಡಾರ್ಕಸ್‌ಳ ಇನ್ನೊಂದು ಮಗು, ಲೆಟ್ಟಿ, ಮೊಲದ ಕಿವಿಯೊಂದನ್ನು ಹಿಡಿದುಕೊಂಡು ಆಡುತ್ತಿತ್ತು. "ಈ ಹುಡುಗೀನ ಇಲ್ಲಿ ಬಿಡೋದು ಸರಿಯಲ್ಲ. ಮಂಗಳವಾರ ಸಭೆ ಇದೆ. ವರ್ಕ್‌ಹೌಸಿಗೆ ಹಾಕೋ ಬಗ್ಗೆ ಅವತ್ತು ತೀರ್ಮಾನ ಮಾಡೋಣ."

ವರ್ಕ್‌ಹೌಸ್ ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿಕ್ಕಿಲ್ಲದ ಬಡವರನ್ನು ಕೂಡಿಹಾಕಿ ದುಡಿಸುವ ಮನೆ ಅದು. ತಲೆ ಬೋಳಿಸುತ್ತಾರೆ. ತಾಯಿಯನ್ನು ಒಂದು ಕಡೆ, ಮಗುವನ್ನು ಇನ್ನೊಂದು ಕಡೆ ಹಾಕುತ್ತಾರೆ. ಒಳಗೆ ಹೋದ ಮಗು ತಾಯಿಯ ಕೈಗೆ ವಾಪಸ್ಸು ಬಂದದ್ದನ್ನು ನಾನಂತೂ ನೋಡಿಲ್ಲ.

ಸಾಹೇಬ ಹೋದ. ಶನಿವಾರ ಲೆಟ್ಟಿಗೂ ಭೇದಿ ಶುರುವಾಯಿತು.

ಧರ್ಮಾಸ್ಪತ್ರೆಯ ಡಾಕ್ಟರು ಅವಳ ನಾಲಿಗೆ ನೋಡಿ, ಪಂಪಿನ ನೀರು ಬಾಯಿಗೆ ಹಾಕಬೇಡಿ, ಗುಂಡಿ ಬಾಚಿಸಿ, ಎಂದರು. ನೋರಾಳ ಗಂಡ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುವವನು. ಅಲ್ಲಿನ ಬಾವಿಯಿಂದ ಒಂದು ಡಬ್ಬಿ ನೀರು ಕದ್ದು ತಂದ. ಬಿಯರನ್ನು ಕದಿಯದೆ ನೀರನ್ನು ಕದ್ದ ಮೊದಲನೇ ಗಂಡಸು ಇವನೇ ಎಂದು ನೋರಾ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನೀರಿಗೆ ಹಾಗಾಯಿತು. ಗುಂಡಿಗೆ ಏನು ಮಾಡುವುದು?

ಸೋಮವಾರ ಬೆಳಿಗ್ಗೆ ಒಬಡಾಯ ಟ್ರಸ್ಲರ್ ಬಂದು ಡಾರ್ಕಸ್‌ಳ ಬಾಗಿಲಲ್ಲಿ ಟೊಪ್ಪಿ ಹಿಡಿದು ನಿಂತ. ಟ್ರಸ್ಲರ್ ವಠಾರದ ಹೆಬ್ಬಾಗಿಲ ಬಳಿ ಅಂಗಡಿ ಇಟ್ಟಿರುವ ಬಡಗಿ. ಮಾಡುವುದೆಲ್ಲ ಹೆಣದ ಪೆಟ್ಟಿಗೆಯೇ. ಮಾತು ಒಳ್ಳೆಯದು, ಮನಸ್ಸೂ ಒಳ್ಳೆಯದು. ಕಣ್ಣು ಮಾತ್ರ ಕೆಟ್ಟದ್ದು. ಯಾರಾದರೂ ಕಾಯಿಲೆ ಬಿದ್ದರೆ ಕ್ಷೇಮ ಕೇಳುತ್ತಲೇ ತಲೆಯಿಂದ ಕಾಲಿನ ತನಕ ಒಂದು ಸಲ ನೋಡುತ್ತಾನೆ. ಟೇಪು ಬೇಡ.

"ಹೆಂಗಿದ್ದಾಳೆ ಪುಟ್ಟಿ?" ಎಂದ. ನೋಟ ಲೆಟ್ಟಿಯ ತಲೆಯಿಂದ ಹೊರಟು ಪಾದಕ್ಕೆ ಹೋಗಿ ನಿಂತಿತು.

ನಾನು ಅವನ ಹಿಂದೆಯೇ ಅಂಗಡಿಗೆ ಹೋದೆ. ಪೆಟ್ಟಿಗೆಗಳನ್ನು ದೊಡ್ಡದರ ಮೇಲೆ ಚಿಕ್ಕದಿಟ್ಟು ಪೇರಿಸಿದ್ದ. ಚಿಕ್ಕವೇ ಹೆಚ್ಚು. ಬೆಂಚಿನ ಮೇಲೆ ಒಂದು ಹೊಸದಿತ್ತು. ಒಳಗೆ ಬಳಿದ ಡಾಂಬರು ಇನ್ನೂ ಅಂಟುತ್ತಿತ್ತು.

"ಇದು ಯಾರ್ದೋ?"

"ಯಾರ್ದಾದ್ರೂ ಆಗುತ್ತೆ."

"ನನ್ನ ಮುಖ ನೋಡಿ ಹೇಳು."

ಅವನು ಉಳಿಯನ್ನು ಒರೆಸಿದ. ಒರೆಸಿದ್ದನ್ನೇ ಒರೆಸಿದ. "ಲೆಟ್ಟೀದು. ಭಾನ್ವಾರನೇ ಒಂದ್ಸಲ ನೋಡ್ಕೊಂಡ್ ಬಂದಿದ್ದೆ."

"ಅಯ್ಯೋ ನಿನ್ನ ಕೈ ಸೇದಿಹೋಗ! ಹುಡುಗಿ ಇನ್ನೂ ಉಸಿರಾಡ್ತಿದ್ದಾಳೆ ಕಣೋ!"

"ಉಸಿರಾಡ್ಲಿ. ನಾನು ಬೇಡ ಅಂದ್ನಾ? ವಿಲ್ ಹೋದಾಗ ಪೆಟ್ಟಿಗೆ ತಡ ಆಯ್ತು ಅಂತ ಬೀದೀಲಿ ನಿಂತು ಬೈದೋಳು ನೀನೇ ತಾನೆ? ಅದಕ್ಕೇ ಈ ಸಲ ಮುಂಚೇನೇ..." ಅವನು ನಿಲ್ಲಿಸಿದ. "ನನ್ನ ಅಳತೆ ಯಾವತ್ತೂ ತಪ್ಪಿಲ್ಲ ಪ್ರೌಟಮ್ಮ."

ತಪ್ಪಿಲ್ಲ, ನಿಜ. ತನ್ನವೇ ಮೂರು ಮಕ್ಕಳನ್ನು ಇದೇ ಬೆಂಚಿನ ಮೇಲೆ ಅಳೆದಿದ್ದ. ಅದೇ ಪಂಪು, ಅದೇ ನೀರು. ನಾನು ಆ ಪೆಟ್ಟಿಗೆಯ ಅಂಚಿನ ಮೇಲೆಯೇ ಕೂತುಬಿಟ್ಟೆ. ಲಂಗಕ್ಕೆ ಡಾಂಬರು ಅಂಟಿತು. ಡಾಂಬರು ಕೀಳುತ್ತ ಕೀಳುತ್ತ ತಲೆಗೊಂದು ವಿಚಾರ ಬಂತು.

"ಇದು ಸೋರುತ್ತೇನೋ?"

"ಬಿಯರ್ ತುಂಬಿದ್ರೂ ಒಂದು ಹನಿ ಸೋರಲ್ಲ."

"ಬಿಯರ್ ಅಲ್ಲ. ಗುಂಡಿ ಎದ್ದು ಬರಲ್ಲ ಅಂದ್ನಲ್ಲ ಸಾಹೇಬ? ನಾವೇ ಎತ್ಕೊಂಡು ಹೋಗೋಣ."

ಟ್ರಸ್ಲರ್ ನನ್ನನ್ನೇ ನೋಡಿದ. ಈ ಸಲ ಅಳೆಯುವ ನೋಟವಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ. ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

ನಮ್ಮ ಕಡೆ ಹೊಟ್ಟೆಗಿಲ್ಲದಿದ್ದರೂ ಹೆಣಕ್ಕೆ ಮರ್ಯಾದೆ ಉಂಟು. ಮಗುವಿನ ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸುತ್ತಾರೆ, ಹೊರುವವರು ಬಿಳಿ ಪಟ್ಟಿ ಕಟ್ಟುತ್ತಾರೆ. ಅದು ಬೀದಿಗೆ ಬಂದರೆ ಗಾಡಿ ನಿಲ್ಲುತ್ತದೆ, ಅಂಗಡಿ ಬಾಗಿಲು ಅರ್ಧ ಮುಚ್ಚುತ್ತದೆ, ಕುಡುಕನೂ ಟೊಪ್ಪಿ ತೆಗೆಯುತ್ತಾನೆ. ಬದುಕಿದ್ದಾಗ ನಮ್ಮ ಮಕ್ಕಳಿಗೆ ದಾರಿ ಬಿಡದ ಊರು ಸತ್ತ ಮೇಲೆ ಬಿಡುತ್ತದೆ. ನಾವು ಆ ದಾರಿಯನ್ನೇ ಹಿಡಿದೆವು.

ಮಂಗಳವಾರ ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೋದ ಮೇಲೆ ಹೆಂಗಸರು ಗುಂಡಿಯ ಸುತ್ತ ಸೇರಿದೆವು. ಈ ವಿದ್ಯೆಯಲ್ಲಿ ವಠಾರಕ್ಕೆಲ್ಲ ನಾನೇ ಹಿರಿಯಳು. ಗಂಭೀರವಾಗಿ ಅಂಗಿಯ ತೋಳು ಮಡಚಿ, ಸೌಟಿನಂಥ ಉದ್ದ ಹಿಡಿಯ ಡಬ್ಬಿ ಕೈಗೆ ತಗೊಂಡೆ. ಅಷ್ಟರಲ್ಲಿ ಡಾರ್ಕಸ್ ಮೆಟ್ಟಿಲಿಳಿದು ಬಂದಳು. ಲೆಟ್ಟಿಯ ಹತ್ತಿರ ಟ್ರಸ್ಲರನ ಹೆಂಡತಿಯನ್ನು ಕೂರಿಸಿ ಬಂದಿದ್ದಳು.

"ನೀನು ಯಾಕವ್ವಾ, ಮಗು ಹತ್ರ ಇರು" ಎಂದೆ.

ಅವಳು ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ನಾನು ಕೊಳಕಿ ಅಂತ ಬರ್ದಿದ್ದಾರಲ್ಲ ಪ್ರೌಟಮ್ಮ. ಕೊಳಕು ಅಂದ್ರೆ ಏನು ಅಂತ ನಾನೇ ತುಂಬಿ ಕೊಡ್ತೀನಿ."

ಮೊಗೆದು ಮೊಗೆದು ಸುರಿದಳು. ಮೈಯೆಲ್ಲ ಬೆವರು. ಕಣ್ಣಿನಿಂದಲೂ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಸ್ವಚ್ಛವಿರಲಿಲ್ಲ. ನೋರಾ ತನ್ನ ಶಾಲಿನ ತುದಿಯಿಂದ ಒರೆಸಿದಳು. ಪೆಟ್ಟಿಗೆ ತುಂಬಿತು. ಗುಂಡಿಯಲ್ಲಿ ಕಡಿಮೆಯಾದದ್ದೇ ಗೊತ್ತಾಗಲಿಲ್ಲ. ಟ್ರಸ್ಲರ್ ಬಂದು ಮುಚ್ಚಳಕ್ಕೆ ನಾಲ್ಕು ಮೊಳೆ ಹೊಡೆದ. ಬೇಗ ಕೀಳುವ ಹಾಗೆ ಸಡಿಲವಾಗಿ ಹೊಡೆದ. ಕೈ ತೊಳೆದು, ಬಿಳಿ ಪಟ್ಟಿ ಕಟ್ಟಿಕೊಂಡು, ಡಾರ್ಕಸ್, ನಾನು, ಇನ್ನಿಬ್ಬರು ಹೆಂಗಸರು, ನಾಲ್ವರು ಹೊತ್ತೆವು. ಟ್ರಸ್ಲರ್ ಮೊಳೆ ಕೀಳುವ ಇಕ್ಕಳ ಹಿಡಿದು ಹಿಂದೆ ಬಂದ. ಅಬ್ಬಾ, ಏನು ಭಾರ!

ಮುಂದೆ ನೋರಾ. ಅವಳು ಐರ್ಲೆಂಡಿನವಳು. ಅವರ ಕಡೆ ಹೆಣದ ಮುಂದೆ ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವ ಪದ್ಧತಿ. ಅವಳು ತನ್ನ ಭಾಷೆಯಲ್ಲಿ ದನಿ ತೆಗೆದದ್ದೇ ತಡ, ಬೀದಿಯೇ ನಿಂತಿತು. ಕಟುಕ ಚಾಕು ಕೆಳಗಿಟ್ಟ. ಕಲ್ಲಿದ್ದಲ ಗಾಡಿಯವನು ಕುದುರೆಯ ಲಗಾಮು ಜಗ್ಗಿದ. ಮೀನು ಮಾರುವವಳು ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. ನಾನು ತುಟಿ ಕಚ್ಚಿಕೊಂಡು ನೆಲ ನೋಡುತ್ತ ನಡೆದೆ. ನೆಲ ನೋಡುವುದು ನನಗೆ ಅಭ್ಯಾಸ. ದಾರಿಯಲ್ಲಿ ಒಳ್ಳೊಳ್ಳೆಯ ಮಾಲು ಬಿದ್ದಿತ್ತು. ಬಗ್ಗುವ ಹಾಗಿಲ್ಲವಲ್ಲ ಎಂದು ಸಂಕಟವಾಯಿತು.

ದೊಡ್ಡ ರಸ್ತೆಯ ತಿರುವಿನಲ್ಲಿ ಪೊಲೀಸ್ ಫೆಲನ್ ನಿಂತಿದ್ದ. ನೋರಾಳ ಊರಿನ ಕಡೆಯವನೇ. ಕೈ ಎತ್ತಿ ಗಾಡಿಗಳನ್ನೆಲ್ಲ ತಡೆದ, ತಲೆ ಬಾಗಿಸಿದ. ಒಂದು ಗಳಿಗೆ ಕಿವಿಗೊಟ್ಟ. ತಟ್ಟನೆ ಅವನ ಮುಖ ಕೆಂಪಾಯಿತು. ನೋರಾ ಏನು ಹಾಡುತ್ತಿದ್ದಳೆಂದು ಆಮೇಲೆ ಅವನೇ ನನಗೆ ಹೇಳಿದ:

"ಅಯ್ಯೋ ನನ್ನ ದೊರೆಯೇ, ಎಂಥ ಹೊಟ್ಟೆಯಪ್ಪಾ ನಿಂದು! ಕೊಟ್ಟಿದ್ದನ್ನೆಲ್ಲ ತಗೊಂಡೆ, ಒಂದಿನ ಸಾಕು ಅನ್ಲಿಲ್ಲ! ಬಡವ್ರ ಮನೆ ಬಾಗ್ಲಿಗೆ ನೀನಾಗೇ ಬಂದೆ, ಯಾವ ಸಾಹೇಬ ಹಂಗೆ ಬಂದ! ರಾತ್ರಿ ಹಾಸಿಗೆ ಕೆಳಗೂ ಬಂದು ವಿಚಾರಿಸ್ಕೊಂಡೆ, ನನ್ನ ಗಂಡಾನೂ ಅಷ್ಟು ವಿಚಾರಿಸ್ಲಿಲ್ಲ!"

ಫೆಲನ್ ಮೀಸೆಯನ್ನು ಬಾಯೊಳಗೆ ಕಚ್ಚಿಕೊಂಡ. ಕೈ ಮಾತ್ರ ಇಳಿಸಲಿಲ್ಲ. ನಾವು ದಾಟಿದ ಮೇಲೆ, ಬೇರೆ ಕೆಲಸವೇ ಇಲ್ಲದವನ ಹಾಗೆ, ಹಿಂದೆಯೇ ಬಂದ. ಅವನ ಹಿಂದೆ ಅರ್ಧ ಬೀದಿ ಬಂತು.

ಪ್ಯಾರಿಷ್ ಕಚೇರಿಯ ಮೆಟ್ಟಿಲ ಮೇಲೆ ಸಮಿತಿಯವರು ಸಭೆಗೆಂದು ಸೇರುತ್ತಿದ್ದರು. ಪಾದ್ರಿಗಳೂ ಇದ್ದರು. ಸ್ಲೋಕಮ್ ಸಾಹೇಬ ನಮ್ಮನ್ನು ಕಂಡ. ಮೊದಲು ಡಾರ್ಕಸ್‌ಳನ್ನು ಗುರುತು ಹಿಡಿದ, ಆಮೇಲೆ ಪೆಟ್ಟಿಗೆ ನೋಡಿದ, ಆಮೇಲೆ ನಮ್ಮ ಹಿಂದಿನ ಜನ ನೋಡಿದ. ಸಮಿತಿಯ ಚುನಾವಣೆ ಹತ್ತಿರವಿತ್ತು. ಟೊಪ್ಪಿ ತೆಗೆದ. ಒಳ್ಳೆಯ ಮೊಲದ ತುಪ್ಪಳದ ಟೊಪ್ಪಿ. ಅದನ್ನು ಎದೆಗೆ ಹಿಡಿದು ಎರಡು ಮೆಟ್ಟಿಲು ಇಳಿದು ಬಂದ.

ನಾವು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆಯೇ ಇಳಿಸಿದೆವು.

ವಾಸನೆ ಮೂಗಿಗೆ ಬಡಿಯಿತು. ಸಾಹೇಬ ಮುಖ ಕಿವುಚಿ ಪಾದ್ರಿಗಳ ಕಡೆ ವಾಲಿದ. "ಹೆಣಾನ ಎಷ್ಟು ದಿನ ಇಟ್ಕೊಳ್ತಾರೆ ನೋಡಿ ಈ ಜನ" ಎಂದ, ನಮಗೂ ಕೇಳುವ ಹಾಗೆ. ಆಮೇಲೆ ದನಿ ಎತ್ತರಿಸಿದ. "ಆ ಹುಡುಗೀನೂ ಹೋಯ್ತೇ? ನಾನು ಶುಕ್ರವಾರನೇ ಎಚ್ಚರಿಸಿದ್ದೆ. ಈ ಹೆಂಗಸರು ಕೇಳೋದಿಲ್ಲ. ಆದ್ರೂ ಸತ್ತ ಮಗು ದೇವರ ಮಗು." ಹೀಗೆಂದು ಕೈಗವಸಿನ ಕೈಯನ್ನು ಪೆಟ್ಟಿಗೆಯ ಮೇಲಿಟ್ಟ. ನನ್ನ ಕೈ ದಾಟಿ ಬಂದ ಕೈಗವಸು. ಅದಕ್ಕೆ ತನ್ನವರು ಸಿಕ್ಕಿದ ಹಾಗಾಗಿರಬೇಕು.

ಡಾರ್ಕಸ್ ತಲೆ ಎತ್ತಿದಳು. ಬೆತ್ತ ಬೇಕಾಗಲಿಲ್ಲ.

"ಲೆಟ್ಟಿ ಮನೇಲಿದ್ದಾಳೆ" ಎಂದಳು. "ಇದು ನಿಮ್ದು ಸಾಹೇಬ್ರೇ."

ಪಾದ್ರಿಗಳು ಸಾಹೇಬನನ್ನು ನೋಡಿದರು. ಸಮಿತಿಯವರೂ ನೋಡಿದರು. ಮೀನಿನವಳು "ಹೌದಾ!" ಎಂದು ಬುಟ್ಟಿಯನ್ನೇ ಕೆಳಗಿಟ್ಟಳು. ಸಾಹೇಬನ ಕತ್ತು ಮೊದಲು ಕೆಂಪಾಯಿತು, ಆಮೇಲೆ ಕಿವಿ.

"ಏನಂದೆ? ಏನು ಮಾತಾಡ್ತಿದೀಯ? ಈ ಹೆಂಗಸನ್ನ ನಾನು... ಪಾದ್ರಿಗಳೇ, ನಾನು ಇವಳನ್ನ..."

"ಟ್ರಸ್ಲರ್, ತೆಗಿಯೋ" ಎಂದೆ.

ಮುಚ್ಚಳ ಬಂತು. ಸಾಹೇಬ ಹಿಂದಕ್ಕೆ ಹಾರಿ ಟೊಪ್ಪಿಯನ್ನು ಬೀಳಿಸಿದ. ಎಲ್ಲಿ ಬಿತ್ತೆಂದು ಹೇಳಬೇಕಾಗಿಲ್ಲ.

"ವಿಲ್ ಯಾಕೆ ಸತ್ತ ಅಂತ ನನ್ನ ಮನೆಗೆ ಬಂದು ಹುಡುಕಿದ್ರಿ" ಎಂದಳು ಡಾರ್ಕಸ್. "ಹೊದಿಕೆ ಎತ್ತಿ ನೋಡಿದ್ರಿ. ಪಾತ್ರೆ ನೋಡಿದ್ರಿ. ನನ್ನ ಕೈ ನೋಡಿದ್ರಿ. ಇದೊಂದನ್ನ ನೋಡ್ಲಿಲ್ಲ. ನಿಮಗೆ ಬಗ್ಗೋದಕ್ಕೆ ಕಷ್ಟ ಅಂತ ನಾವೇ ತಂದಿದ್ದೀವಿ. ನೋಡಿ. ಬರ್ಕೊಳ್ಳಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಬೀದಿಯೇ ನಕ್ಕಿತು. ಗಾಡಿಯವನು ಕುದುರೆಯ ಕತ್ತು ತಬ್ಬಿಕೊಂಡು ನಕ್ಕ. ಸಮಿತಿಯವರಲ್ಲಿ ಒಬ್ಬ ಗೋಡೆಗೆ ಹೋಗಿ ವಾಂತಿ ಮಾಡಿಕೊಂಡ. ಗುಮಾಸ್ತ ಈ ಸಲ ಕೆಮ್ಮುವ ಹಾಗೂ ಮಾಡಲಿಲ್ಲ.

"ತಗೊಂಡು ಹೋಗಿ ಇದನ್ನ!" ಸಾಹೇಬ ಕಿರುಚಿದ. "ಈಗಿಂದೀಗ ಎತ್ತಿ!"

"ಎತ್ತಲ್ಲ" ಎಂದಳು ಡಾರ್ಕಸ್.

ಅಷ್ಟೇ. ಬಿಳಿ ಪಟ್ಟಿ ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ನಾವೂ ಇಟ್ಟೆವು. ಸಾಹೇಬ ಕಚೇರಿಯ ದಫೇದಾರನನ್ನು ಕರೆದ. ದಫೇದಾರ ಪೆಟ್ಟಿಗೆ ನೋಡಿ, ತನಗೆ ಸೊಂಟ ನೋವು ಎಂದ. ಸಾಹೇಬ ಪೊಲೀಸಿನವನ ಕಡೆ ತಿರುಗಿದ. "ಫೆಲನ್! ಹಿಡೀ ಇವರನ್ನ!"

ಫೆಲನ್ ನಿಧಾನವಾಗಿ ಬಂದು ಪೆಟ್ಟಿಗೆಯೊಳಗೆ ಇಣುಕಿದ. "ಯಾವ ಅಪರಾಧ ಅಂತ ಹಿಡೀಲಿ ಸ್ವಾಮಿ? ಗುಂಡಿ ನಿಮ್ದು. ಗುಂಡೀಲಿರೋದೂ ನಿಮ್ದೇ. ಮಾಲೀಕರ ಮಾಲು ಮಾಲೀಕರಿಗೆ ತಲುಪ್ಸಿದ್ದಾರೆ. ಇದನ್ನ ಕಳ್ಳತನ ಅನ್ನೋಕಾಗಲ್ಲ."

"ಇನ್ನೂ ಬೇಕಾದಷ್ಟಿದೆ ಸಾಹೇಬ್ರೇ" ಎಂದೆ ನಾನು. "ಟ್ರಸ್ಲರನ ಹತ್ರ ಚಿಕ್ಕ ಪೆಟ್ಟಿಗೆಗಳೂ ಬೇಕಾದಷ್ಟಿವೆ. ನಿಮ್ಮ ದಯದಿಂದ ಅದಕ್ಕೆ ಬರ ಇಲ್ಲ. ನಾಳೆ ಇನ್ನೊಂದು ಹೆಣ ತರ್ತೀವಿ. ನಾಡಿದ್ದು ನಿಮ್ಮ ಮನೆ ಬಾಗ್ಲಿಗೇ ತರ್ತೀವಿ, ಅಮ್ಮಾವ್ರೂ ನೋಡ್ಲಿ."

ಅವತ್ತು ಸಭೆ ನಡೆಯಲಿಲ್ಲ. ಪೆಟ್ಟಿಗೆ ದಾಟದೆ ಒಳಗೆ ಹೋಗುವ ಹಾಗಿರಲಿಲ್ಲ, ದಾಟಲು ಯಾರೂ ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಭಾವಮೈದುನನ ಗಾಡಿಗಳು ವಠಾರಕ್ಕೆ ಬಂದು ನಿಂತವು. ನೋರಾ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಒಂದೊಂದು ಗಾಡಿಗೂ ಒಂದೊಂದು ಹಾಡು ಹಾಡಿ ಬೀಳ್ಕೊಟ್ಟಳು. ಮೆಟ್ಟಿಲ ಮೇಲಿನ ಪೆಟ್ಟಿಗೆಯನ್ನು ಪ್ಯಾರಿಷ್‌ನವರೇ ಕೊನೆಗೆ ಅನಾಥ ಹೆಣಗಳ ಜಾಗದಲ್ಲಿ ಹೂತರಂತೆ. ಸಾಹೇಬನ ಟೊಪ್ಪಿ ಒಳಗೇ ಇತ್ತಂತೆ.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಸ್ಲೋಕಮ್ ಸಾಹೇಬ ಮತ್ತೆ ಗೆದ್ದ. ನಮಗೆಲ್ಲಿದೆ ಓಟು? ವಿಲ್‌ನ ಹೆಸರಿನ ಮುಂದೆ ಬರೆದದ್ದನ್ನು ಯಾರೂ ಅಳಿಸಲಿಲ್ಲ. ಅಲ್ಲಿ ಇವತ್ತಿಗೂ ತಾಯಿಯ ಕೊಳಕುತನ ಎಂದೇ ಇದೆ. ನೆನೆದಾಗಲೆಲ್ಲ ನನಗೆ ಆ ಕಚೇರಿಗೆ ನನ್ನ ಬಕೆಟ್ಟು ಹಿಡಿದು ಹೋಗಬೇಕೆನಿಸುತ್ತದೆ. ಆದರೆ ಲೆಟ್ಟಿಯನ್ನು ವರ್ಕ್‌ಹೌಸಿಗೆ ಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತಿದರೆ ಇನ್ನೇನೇನು ಎತ್ತಬೇಕಾಗುತ್ತದೋ ಎಂಬ ಭಯವಿತ್ತು.

ಹುಡುಗಿ ತುಂಬ ದಿನ ಮಲಗಿದ್ದಳು. ಆಮೇಲೆ ಎದ್ದು ಕೂತಳು. ಆಮೇಲೆ ಬ್ರೆಡ್ಡು ಕೇಳಿದಳು.

ಮುಂದಿನ ಬೇಸಿಗೆಯಲ್ಲಿ ನಾನೂ ಲೆಟ್ಟಿಯೂ ಟ್ರಸ್ಲರನ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆವು. ಒಂದು ಚಿಕ್ಕ ಪೆಟ್ಟಿಗೆಯನ್ನು ಅವನು ಗೋಡೆಗೆ ನಿಲ್ಲಿಸಿದ್ದ. ಅವಳು ಓಡಿಹೋಗಿ ಅದಕ್ಕೆ ಬೆನ್ನು ತಾಗಿಸಿ ನಿಂತಳು.

"ನನ್ನ ಪೆಟ್ಟಿಗೆ ಇಷ್ಟೇ ಇತ್ತಾ ಟ್ರಸ್ಲರ್ ಮಾಮ?"

"ಇಷ್ಟೇ ಇತ್ತು ಕಣವ್ವ."

ಅವಳ ತಲೆ ಪೆಟ್ಟಿಗೆಯ ಅಂಚು ದಾಟಿ ಮೇಲೆ ಬಂದಿತ್ತು. ಟ್ರಸ್ಲರ್ ತಲೆಯಿಂದ ಕಾಲಿನ ತನಕ ಒಂದು ಸಲ ನೋಡಿದ. ಕಾಲಿನಿಂದ ತಲೆಯ ತನಕ ಇನ್ನೊಂದು ಸಲ ನೋಡಿದ. ಸೊರ್ರೆಂದು ಮೂಗೆಳೆದು ತೋಳಿನಿಂದ ಮುಖ ಒರೆಸಿಕೊಂಡ.

"ನನ್ನ ಅಳತೆ ತಪ್ಪಿತು ಪ್ರೌಟಮ್ಮ" ಎಂದ.

"ತಪ್ಪಲಿ ಬಿಡೋ" ಎಂದೆ. "ಇನ್ನೂ ತಪ್ಪಲಿ."